ಏದೆನ್ ತೋಟದ ಎರಡು ಮರಗಳು: ಬೀದರ್‌ನ ಒಂದು ಲೆಂಟ್ ಅಧ್ಯಯನ ವರ್ಗದ ವಿಮರ್ಶೆ

ಬೀದರ್ ನಗರದ ಪ್ರೊಟೆಸ್ಟೆಂಟ್ ಸಭೆಯೊಂದು ಈ ವರ್ಷದ ಲೆಂಟ್ ಕಾಲದ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಪ್ರಾರ್ಥನೆಯ ವಾರಗಳ) ಶುಕ್ರವಾರ ಸಂಜೆಗಳಲ್ಲಿ, ದೇವರು ಮೊದಲ ಮನುಷ್ಯರಾದ ಆದಾಮ ಹವ್ವರನ್ನು ಇರಿಸಿದ ಏದೆನ್ ತೋಟದ ಮರಗಳನ್ನು ಕುರಿತು ಸತ್ಯವೇದ (ಬೈಬಲ್) ಅಧ್ಯಯನ ವರ್ಗವನ್ನು ನಡೆಸಿತು. ಸಭೆಯ ಸದಸ್ಯರಲ್ಲದವರಿಗೂ ಪ್ರವೇಶವಿತ್ತು. ಶುಲ್ಕವೆಂದು ಏನನ್ನೂ ಪಡೆಯದೆ ಕೈಪಿಡಿಯ ಮುದ್ರಣದ ಖರ್ಚನ್ನು ಮಾತ್ರ ಕೇಳಿದರು. ನಮ್ಮ ಭಾಗದಲ್ಲಿ ಲೆಂಟ್ ಕಾಲದ ಕೂಟಗಳೆಂದರೆ ಸಾಮಾನ್ಯವಾಗಿ ಹಾಡು, ಸಾಕ್ಷಿ, ಪ್ರಸಂಗ ಮತ್ತು ಪ್ರಾರ್ಥನೆ. ಒಂದೇ ವಾಕ್ಯಭಾಗವನ್ನು ಹಿಡಿದು ವಾರಗಟ್ಟಲೆ ನಿಧಾನವಾಗಿ ಓದುವ, ಪ್ರಶ್ನೆ ಕೇಳುವವರಿಗೆ ಸಾಕಷ್ಟು ಹೊತ್ತು ಕೊಡುವ ಕೂಟಗಳು ಅಪರೂಪ. ಆದ್ದರಿಂದ ಈ ವರ್ಗದ ಗುಣವನ್ನೂ ಕೊರತೆಯನ್ನೂ ವಿವರವಾಗಿ ಬರೆದಿಟ್ಟರೆ ಮುಂದಿನ ವರ್ಷ ಸೇರಬೇಕೆನ್ನುವವರಿಗೂ, ಇಂಥದೇ ವರ್ಗವನ್ನು ಹುಮನಾಬಾದ್‌ನಲ್ಲೋ ಭಾಲ್ಕಿಯಲ್ಲೋ ನಡೆಸಬೇಕೆನ್ನುವ ಸಭೆಗಳಿಗೂ ಉಪಯೋಗವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತಿನ್ನಬಾರದೆಂದ ಮರವನ್ನು ಈ ವರ್ಗ ಬಹಳ ಚೆನ್ನಾಗಿ ಕಲಿಸಿತು, ಆದರೆ ಕ್ರೈಸ್ತ ನಂಬಿಕೆಯ ಭಾರವೆಲ್ಲ ಯಾವ ಮರದ ಮೇಲೆ ನಿಂತಿದೆಯೋ ಆ ಜೀವವೃಕ್ಷದ ಬಳಿಗೆ ಬರುವ ಹೊತ್ತಿಗೆ ಸಮಯವೆಲ್ಲ ಖರ್ಚಾಗಿತ್ತು.

ವರ್ಗದ ಕ್ರಮ ಸರಳವಾಗಿತ್ತು. ಮೊದಲು ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಎರಡನೆಯ ಮತ್ತು ಮೂರನೆಯ ಅಧ್ಯಾಯಗಳಿಂದ ಆಯಾ ವಾರದ ವಚನಗಳನ್ನು ಒಬ್ಬರು ಗಟ್ಟಿಯಾಗಿ ಓದುವುದು, ಆಮೇಲೆ ಪಾಠ ಹೇಳುವವರ ವಿವರಣೆ, ಕೊನೆಗೆ ಪ್ರಶ್ನೋತ್ತರ. ಪಾಠ ಹೇಳಿದವರು ದೇವಶಾಸ್ತ್ರ ಓದಿ ಬಂದ ಸಭಾಪಾಲಕರು. ಪ್ರಸಂಗಪೀಠದ ಏರುದನಿಯನ್ನು ಬಿಟ್ಟು, ಶಾಲೆಯ ಮೇಷ್ಟ್ರ ಹಾಗೆ ಕರಿಹಲಗೆಯ ಮೇಲೆ ಬರೆಯುತ್ತ ಪಾಠ ಮಾಡಿದರು. ಬಂದವರಲ್ಲಿ ಕೆಲವರು ತೆಲುಗು ಸತ್ಯವೇದವನ್ನೂ ಇನ್ನು ಕೆಲವರು ಮರಾಠಿಯದನ್ನೂ ತಂದಿದ್ದರು. ಹೈದರಾಬಾದ್ ಸಂಸ್ಥಾನದ ಕಾಲದಿಂದಲೂ ಮೂರು ನಾಲ್ಕು ಭಾಷೆಗಳ ನಡುವೆ ಬಾಳಿದ ಈ ಜಿಲ್ಲೆಯಲ್ಲಿ ಅದು ಯಾರಿಗೂ ವಿಶೇಷವೆನಿಸಲಿಲ್ಲ. ಕಥೋಲಿಕ ಕುಟುಂಬಗಳೂ ಬಂದಿದ್ದವು. ಬೀದರ್, ಕಲಬುರಗಿ, ಯಾದಗಿರಿ ಭಾಗಕ್ಕೆ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ. ಅವರ ಆರಾಧನಾ ಪರಂಪರೆಯಿಂದ ಈ ವಿಷಯಕ್ಕೆ ಸಿಕ್ಕ ಬೆಳಕನ್ನು ಮುಂದೆ ಹೇಳುತ್ತೇನೆ.

ಮೊದಲ ಪಾಠದಲ್ಲಿಯೇ ವರ್ಗದ ಗಟ್ಟಿತನ ಕಾಣಿಸಿತು. ಆದಿಕಾಂಡ 2:9ರಲ್ಲಿ, ಅಂದರೆ ಎರಡನೆಯ ಅಧ್ಯಾಯದ ಒಂಬತ್ತನೆಯ ವಚನದಲ್ಲಿ, ದೇವರು ನೋಟಕ್ಕೆ ರಮ್ಯವಾದ, ಊಟಕ್ಕೆ ಅನುಕೂಲವಾದ ಎಲ್ಲ ಬಗೆಯ ಮರಗಳನ್ನು ನೆಲದಿಂದ ಬೆಳೆಸಿದರೆಂದಿದೆ. ಅದೇ ವಚನದಲ್ಲಿ ತೋಟದ ನಡುವೆ ಜೀವವೃಕ್ಷವಿತ್ತೆಂದೂ, ಒಳ್ಳೆಯದರ ಕೆಟ್ಟದ್ದರ ಅರಿವಿನ ಮರವಿತ್ತೆಂದೂ ಇದೆ. ಆಜ್ಞೆಯ ವಚನಗಳು, ಅಂದರೆ 2:16 ಮತ್ತು 17, ಆರಂಭವಾಗುವುದು ನಿಷೇಧದಿಂದಲ್ಲ, ಎಲ್ಲ ಮರಗಳ ಹಣ್ಣನ್ನೂ ಯಥೇಚ್ಛವಾಗಿ ತಿನ್ನಬಹುದೆಂಬ ಅನುಮತಿಯಿಂದ. ತಡೆಯಿದ್ದದ್ದು ಅರಿವಿನ ಮರಕ್ಕೆ ಮಾತ್ರ, ಜೀವವೃಕ್ಷಕ್ಕೆ ಅಲ್ಲಿ ಯಾವ ತಡೆಯೂ ಇಲ್ಲ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಈ ಕಥೆಯನ್ನು ಕೇಳಿ ಬೆಳೆದ ನಾವು ತೋಟದಲ್ಲಿ ಒಂದೇ ಒಂದು ಮರವಿತ್ತೆಂಬಂತೆ, ಅದೂ ಬೇಡವೆಂದ ಮರವೆಂಬಂತೆ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಹವ್ವಳನ್ನು ಮರುಳುಗೊಳಿಸಿದ ಸರ್ಪವು 3:1ರಲ್ಲಿ ಮಾಡಿದ್ದೂ ಅದನ್ನೇ ಎಂದು ಸಭಾಪಾಲಕರು ತೋರಿಸಿದರು: ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಅಪ್ಪಣೆ ಕೊಟ್ಟದ್ದು ನಿಜವೋ ಎಂದು ಕೇಳಿ, ಕೊಡುವ ದೇವರನ್ನು ಕಸಿಯುವ ದೇವರನ್ನಾಗಿ ಅದು ಚಿತ್ರಿಸಿತು.

ಆ ಪಾಠದ ನಂತರ ಭಾಲ್ಕಿ ಕಡೆಯ ಹಳ್ಳಿಯಿಂದ ಬಂದಿದ್ದ, ಮಾವಿನ ತೋಟವಿರುವ ಹಿರಿಯ ರೈತರೊಬ್ಬರು ಎದ್ದು, “ಅಯ್ಯನೋರೆ, ತಿನ್ನಬಾರದ ಗಿಡ ತ್ವಾಟದಾಗ ಯಾಕ ಹಚ್ಚಬೇಕಿತ್ತ್ರಿ? ಹಚ್ಚಿದ್ರೂ ಒಂದು ಮೂಲ್ಯಾಗ ಹಚ್ಚಬೇಕಿತ್ತಲ್ಲ, ನಟ್ಟನಡುವ ಯಾಕ?” ಎಂದು ಕೇಳಿದರು. ಇಡೀ ವರ್ಗದಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಇದೇ ಶ್ರೇಷ್ಠವಾದದ್ದೆಂದು ನನಗೆ ಈಗಲೂ ಅನ್ನಿಸುತ್ತದೆ. ಸಭಾಪಾಲಕರು ಆ ಹೊತ್ತಿಗೆ ಅವಸರದ ಉತ್ತರ ಕೊಡದೆ ಮುಂದಿನ ವಾರದ ಇಡೀ ಪಾಠವನ್ನು ಅದಕ್ಕೇ ಮೀಸಲಿಟ್ಟದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಆ ವಾರ ಅವರು ತಂದ ಉತ್ತರಗಳಲ್ಲಿ ಮೊದಲನೆಯದು ಎರಡನೆಯ ಶತಮಾನದ್ದು. ಅಂತಿಯೋಕ್ಯದ ಬಿಷಪ್ ಥಿಯೋಫಿಲಸ್ 180ರ ಸುಮಾರಿನಲ್ಲಿ ಬರೆದದ್ದರ ಪ್ರಕಾರ ಅರಿವಿನ ಮರವೂ ಒಳ್ಳೆಯದೇ, ಅದರ ಹಣ್ಣೂ ಒಳ್ಳೆಯದೇ. ಮರಣವಿದ್ದದ್ದು ಮರದಲ್ಲಲ್ಲ, ಅವಿಧೇಯತೆಯಲ್ಲಿ. ಆದಾಮನು ವಯಸ್ಸಿನಲ್ಲಿ ಇನ್ನೂ ಎಳೆಯನಾಗಿದ್ದುದರಿಂದ ಆ ಅರಿವನ್ನು ತಕ್ಕ ರೀತಿಯಲ್ಲಿ ಧರಿಸುವ ಶಕ್ತಿ ಅವನಿಗೆ ಬಂದಿರಲಿಲ್ಲ. ಹಸುಗೂಸಿಗೆ ಗಟ್ಟಿ ಆಹಾರವನ್ನು ತಡೆದು ಕೊಡುವಂತೆ ದೇವರು ತಡೆದಿದ್ದರು. ಲಿಯೋನ್ ನಗರದ ಬಿಷಪ್ ಇರೆನೇಯಸ್ ಕೂಡ ಆದಾಮನನ್ನು ಬೆಳೆಯಬೇಕಾದ ಮಗುವಿನಂತೆ ಕಂಡವರು. ಈ ವ್ಯಾಖ್ಯಾನಕ್ಕೆ ಸತ್ಯವೇದದೊಳಗೇ ಆಧಾರವಿದೆ ಎಂಬುದನ್ನು ಸಭಾಪಾಲಕರು ಧರ್ಮೋಪದೇಶಕಾಂಡ 1:39ನ್ನು ತೆರೆಸಿ ತೋರಿಸಿದರು: ಒಳ್ಳೆಯದು ಕೆಟ್ಟದ್ದನ್ನು ಅರಿಯದವರೆಂದು ಅಲ್ಲಿ ಕರೆಯಲಾಗಿರುವುದು ಮಕ್ಕಳನ್ನು. ಒಂದನೆಯ ಅರಸುಗಳು 3:9ರಲ್ಲಿ ಯುವಕ ಸೊಲೊಮೋನನು ಒಳ್ಳೆಯದನ್ನೂ ಕೆಟ್ಟದ್ದನ್ನೂ ವಿವೇಚಿಸುವ ಹೃದಯವನ್ನೇ ದೇವರಿಂದ ಬೇಡಿಕೊಳ್ಳುತ್ತಾನೆ, ದೇವರು ಆ ಬೇಡಿಕೆಗೆ ಮೆಚ್ಚುತ್ತಾರೆ. ಹವ್ವಳು ಕೈಚಾಚಿ ಕಿತ್ತುಕೊಂಡದ್ದನ್ನು ಸೊಲೊಮೋನನು ಕೈಯೊಡ್ಡಿ ಪಡೆದನು. ಈ ಎರಡು ಭಾಗಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಜ್ಞಾನವೇ ಪಾಪವೆಂಬ, ಓದು ಹೆಚ್ಚಾದರೆ ನಂಬಿಕೆ ಕೆಡುತ್ತದೆಂಬ ತಪ್ಪು ಬೋಧನೆ ಅಲ್ಲಿಯೇ ಬಿದ್ದುಹೋಗುತ್ತದೆ. ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಕಾಲೇಜಿಗೆ ಕಳಿಸಲು ಹಿಂಜರಿಯುವ ಮನೆಗಳು ಈಗಲೂ ಇರುವಾಗ ಈ ಒಂದು ಪಾಠಕ್ಕಾಗಿಯೇ ವರ್ಗಕ್ಕೆ ಹೋಗಬಹುದು.

ಎರಡನೆಯ ಉತ್ತರ ಅಗಸ್ಟೀನನದು. ಹಿಪ್ಪೋ ಪಟ್ಟಣದ ಈ ಬಿಷಪ್ (354–430) ಆದಿಕಾಂಡವನ್ನು ಜೀವನದುದ್ದಕ್ಕೂ ಮತ್ತೆ ಮತ್ತೆ ವ್ಯಾಖ್ಯಾನಿಸಿದವರು. ಅವರ ಪ್ರಕಾರ ಮರದಲ್ಲಿ ವಿಷವಿದ್ದುದರಿಂದ ದೇವರು ಬೇಡವೆನ್ನಲಿಲ್ಲ; ವಿಧೇಯತೆ ಎಂಬುದು ತನ್ನಷ್ಟಕ್ಕೇ ಒಳ್ಳೆಯದೆಂದು ಮನುಷ್ಯನು ಕಲಿಯಬೇಕಾದರೆ ಬೇರೆ ಯಾವ ದೋಷವೂ ಇಲ್ಲದ ವಸ್ತುವೊಂದನ್ನು ಬೇಡವೆನ್ನಬೇಕಾಗಿತ್ತು. ಮೀರಿದ ಮೇಲೆ ಆದ ಅನುಭವದಿಂದ ಮರಕ್ಕೆ ಆ ಹೆಸರು ಬಂತು. ಇಲ್ಲಿಂದ ಮುಂದೆ ಸಭಾಪಾಲಕರು ಪ್ರೊಟೆಸ್ಟೆಂಟ್ ಸುಧಾರಣೆಯ ನಾಯಕ ಲೂಥರ್ ಬಳಿಗೆ ಬಂದರು. 1535ರಿಂದ ವಿಟ್ಟೆನ್‌ಬರ್ಗ್‌ನಲ್ಲಿ ಆದಿಕಾಂಡದ ಮೇಲೆ ಹತ್ತು ವರ್ಷ ಉಪನ್ಯಾಸ ಕೊಟ್ಟ ಲೂಥರ್, ಅರಿವಿನ ಮರವನ್ನು ಆದಾಮನ ಪಾಲಿನ ದೇವಾಲಯವೆಂದೂ ಬಲಿಪೀಠವೆಂದೂ ಪ್ರಸಂಗಪೀಠವೆಂದೂ ಬಣ್ಣಿಸಿದ್ದಾರೆ. ಗೋಡೆಯಿಲ್ಲದ, ಗಂಟೆಯಿಲ್ಲದ ಆ ಮೊದಲ ಸಭೆಯಲ್ಲಿ ಮನುಷ್ಯನು ಸೃಷ್ಟಿಕರ್ತನಿಗೆ ತಾನು ಸಲ್ಲಿಸಬೇಕಾದ ಮರ್ಯಾದೆಯನ್ನು ಸಲ್ಲಿಸುವ ಜಾಗ ಆ ಮರದ ಬುಡವೇ. ಹಾಗಾದರೆ ದೇವಾಲಯವನ್ನು ಊರಿನ ಮೂಲೆಯಲ್ಲಿ ಕಟ್ಟುವುದುಂಟೇ ಎಂದು ಸಭಾಪಾಲಕರು ಆ ರೈತರ ಕಡೆಗೆ ತಿರುಗಿ ಕೇಳಿದಾಗ ಅವರ ಮುಖ ಅರಳಿದ್ದನ್ನು ಎಲ್ಲರೂ ನೋಡಿದೆವು.

ಮೂರನೆಯ ಉತ್ತರ ಇನ್ನೂ ಇತ್ತೀಚಿನದು, ನನ್ನ ಮಟ್ಟಿಗೆ ಅತ್ಯಂತ ಆಳವಾದದ್ದು. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹೋಫರ್ 1932–33ರ ಚಳಿಗಾಲದಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುತ್ತಿದ್ದ ದಿನಗಳಲ್ಲಿ, ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಆದಿಕಾಂಡದ ಮೊದಲ ಅಧ್ಯಾಯಗಳ ಮೇಲೆ ಉಪನ್ಯಾಸ ಮಾಡಿದರು. ಮನುಷ್ಯನ ಮೇರೆ ಇರುವುದು ಅವನ ಬಾಳಿನ ಅಂಚಿನಲ್ಲಲ್ಲ, ನಡುವಿನಲ್ಲಿ ಎಂಬುದು ಅವರ ಮಾತಿನ ತಿರುಳು. ಅಂಚಿನಲ್ಲಿರುವ ಮೇರೆ ನಮ್ಮ ಶಕ್ತಿಯ, ತಿಳಿವಳಿಕೆಯ ಮೇರೆ. ಅದನ್ನು ನಾಳೆ ಇನ್ನಷ್ಟು ಮುಂದಕ್ಕೆ ಸರಿಸಬಹುದು. ನಡುವಿನಲ್ಲಿರುವ ಮೇರೆ ನಾವು ಸೃಷ್ಟಿಯಾದವರು ಎಂಬ ನಿಜವೇ ಆಗಿರುವುದರಿಂದ ಅದನ್ನು ಸರಿಸಲಾಗದು, ಸರಿಸಬೇಕೂ ಇಲ್ಲ. ಅದು ದೇವರ ಕೃಪೆ. ಮನುಷ್ಯನು ತಾನೇ ನಡುವೆ ನಿಂತು ಒಳ್ಳೆಯದು ಕೆಟ್ಟದ್ದರ ತೀರ್ಪುಗಾರನಾಗಲು ಹೊರಟಾಗ ಏನಾಗುತ್ತದೆಂಬುದನ್ನು ಬೊನ್‌ಹೋಫರ್ ತಮ್ಮ ಕಾಲದಲ್ಲಿಯೇ ಕಂಡರು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಈ ಭಾಗವನ್ನು ಸಭಾಪಾಲಕರು ಕಣ್ಣು ತುಂಬಿಕೊಂಡು ಹೇಳಿದರು. ದೇವಶಾಸ್ತ್ರದ ಓದು ಪ್ರಾಣದ ಬೆಲೆಯನ್ನೂ ಕೇಳಬಹುದೆಂದು ಯುವಕರಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ.

ಹಣ್ಣು ಯಾವುದೆಂಬ ಪ್ರಶ್ನೆಗೆ ಕೊಟ್ಟ ಅರ್ಧ ಗಂಟೆ ಹೆಚ್ಚಾಯಿತು. ಆದಿಕಾಂಡ ಹಣ್ಣಿನ ಹೆಸರನ್ನು ಹೇಳುವುದಿಲ್ಲ; ಸೇಬು ಎಂಬುದು ಯೂರೋಪಿನ ಚಿತ್ರಕಾರರಿಂದ ನಮ್ಮ ಕ್ಯಾಲೆಂಡರ್‌ಗಳಿಗೆ ಬಂದದ್ದು. ಯೆಹೂದಿ ಗುರುಗಳು ದ್ರಾಕ್ಷಿ, ಗೋದಿ, ಅಂಜೂರ ಎಂದು ಬೇರೆ ಬೇರೆ ಅಭಿಪ್ರಾಯಗಳನ್ನು ಕೊಟ್ಟಿದ್ದಾರೆ. ಆದಾಮ ಹವ್ವರು ಅಂಜೂರದ ಎಲೆಗಳಿಂದ ಮೈಮುಚ್ಚಿಕೊಂಡರೆಂದು 3:7ರಲ್ಲಿ ಇರುವುದು ಅಂಜೂರದ ಪಕ್ಷಕ್ಕೆ ಬಲ ಕೊಡುತ್ತದೆ. ರೋಮಿನ ಸಿಸ್ಟೀನ್ ದೇವಾಲಯದ ಚಾವಣಿಯಲ್ಲಿ ಮೈಕೆಲೇಂಜೆಲೊ ಬರೆದದ್ದೂ ಅಂಜೂರದ ಮರವನ್ನೇ. ಇಷ್ಟು ಹೇಳಿ ಮುಗಿಸಬಹುದಾಗಿತ್ತು.

ಹವ್ವಳ ಕುರಿತ ಪಾಠ ನನಗೆ ಸಮಾಧಾನ ತರಲಿಲ್ಲ. ಆದಿಕಾಂಡ 3:6ರಲ್ಲಿ ಆಕೆ ಆ ಹಣ್ಣು ಊಟಕ್ಕೆ ಒಳ್ಳೆಯದು, ನೋಟಕ್ಕೆ ರಮ್ಯ, ಜ್ಞಾನಕ್ಕೆ ಅಪೇಕ್ಷಣೀಯ ಎಂದು ಕಂಡಳೆಂದಿದೆ. ಇವುಗಳಲ್ಲಿ ಮೊದಲಿನೆರಡು ಗುಣಗಳು ತೋಟದ ಎಲ್ಲ ಮರಗಳಿಗೂ ದೇವರೇ ಕೊಟ್ಟವು ಎಂಬುದು 2:9ನ್ನು ಓದಿದವರಿಗೆ ಗೊತ್ತು. ಮೂರನೆಯದು ಮಾತ್ರ ಹೊಸದು. ಪಾಠ ಇಷ್ಟರವರೆಗೆ ಸರಿಯಾಗಿಯೇ ಬಂತು. ಆಮೇಲೆ ಒಂದನೆಯ ತಿಮೊಥೆಯ 2:14ನ್ನು ಓದಿಸಿ, ಮೋಸಹೋದವಳು ಸ್ತ್ರೀಯೇ ಎಂಬ ಮಾತಿಗೆ ನಿಂತುಬಿಟ್ಟರು. ಅದೇ 3:6ರ ಕೊನೆಯಲ್ಲಿ ಗಂಡನು ಆಕೆಯ ಸಂಗಡ ಇದ್ದನೆಂದೂ, ಆಕೆ ಕೊಟ್ಟದ್ದನ್ನು ಒಂದು ಪ್ರಶ್ನೆಯನ್ನೂ ಕೇಳದೆ ತಿಂದನೆಂದೂ ಇರುವುದರ ಮೇಲೆ ಬೆರಳಿಡಬೇಕಾಗಿತ್ತು. ಆಜ್ಞೆಯನ್ನು ನೇರವಾಗಿ ಕೇಳಿಸಿಕೊಂಡವನು ಆದಾಮ. ಹವ್ವಳು ಆಗ ಇನ್ನೂ ಸೃಷ್ಟಿಯಾಗಿರಲಿಲ್ಲ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಪಾಪ ಲೋಕಕ್ಕೆ ಬಂದದ್ದನ್ನು ಒಬ್ಬ ಮನುಷ್ಯನ ಮೇಲೆ, ಆದಾಮನ ಮೇಲೆಯೇ ಹೊರಿಸುತ್ತಾನೆ, ಹವ್ವಳ ಹೆಸರನ್ನು ಎತ್ತುವುದಿಲ್ಲ. ವರ್ಗದಲ್ಲಿದ್ದ ನಿವೃತ್ತ ನರ್ಸ್ ಒಬ್ಬರು ಈ ಕೊನೆಯ ಅಂಶವನ್ನು ಬಹಳ ವಿನಯದಿಂದ ಎತ್ತಿದರು. ತಮ್ಮ ನೆರೆಯ ಮುಸ್ಲಿಮ್ ಕುಟುಂಬದವರು ಹೇಳುವ ಕಥೆಯಲ್ಲಿ ಇಬ್ಬರೂ ಒಟ್ಟಿಗೆ ಎಡವುತ್ತಾರೆಂದೂ ಅವರು ಹೇಳಿದರು. ಕುರಾನಿನ ಏಳನೆಯ ಅಧ್ಯಾಯದಲ್ಲಿ ಸೈತಾನನು ಇಬ್ಬರನ್ನೂ ಮೋಸಗೊಳಿಸುವುದು ಹಾಗೆಯೇ ಇದೆ. ಅವರ ಮಾತಿಗೆ ಸಿಕ್ಕ ಉತ್ತರ ತೀರ ಚಿಕ್ಕದಾಗಿತ್ತು. ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಕುಳಿತಿದ್ದ ವರ್ಗದಲ್ಲಿ, ಮನೆಯ ಪ್ರತಿಯೊಂದು ಅನಾಹುತಕ್ಕೂ ಹವ್ವಳ ಹೆಸರನ್ನು ಎಳೆದು ತರುವ ಮಾತುಗಳನ್ನು ಕೇಳಿಯೇ ಬೆಳೆದವರ ಮುಂದೆ, ಈ ಭಾಗವನ್ನು ಇನ್ನಷ್ಟು ನ್ಯಾಯವಾಗಿ ಕಲಿಸಬೇಕಾಗಿತ್ತೆಂದು ನಾನು ದೃಢವಾಗಿ ಹೇಳುತ್ತೇನೆ.

ಶಿಲುಬೆಯ ಪಾಠ ಆ ಬೇಸರವನ್ನು ಬಹುಮಟ್ಟಿಗೆ ಮರೆಸಿತು. ಕ್ರೈಸ್ತರು ಏದೆನಿನ ಮರಗಳನ್ನು ಓದುವ ರೀತಿ ಯೆಹೂದಿಗಳ ಓದಿನಿಂದ ಬೇರೆಯಾಗುವುದು ಇಲ್ಲಿಯೇ. ಕ್ರಿಸ್ತನು ಮರಕ್ಕೆ ತೂಗುಹಾಕಲ್ಪಟ್ಟನೆಂದು ಅವನ ಶಿಷ್ಯ ಪೇತ್ರನು ಅಪೊಸ್ತಲರ ಕೃತ್ಯಗಳು 5:30ರಲ್ಲಿಯೂ 10:39ರಲ್ಲಿಯೂ ಸಾರುತ್ತಾನೆ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂಬ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ನಿಯಮವನ್ನೇ ಎತ್ತಿಕೊಂಡು ಪೌಲನು ಗಲಾತ್ಯ 3:13ರಲ್ಲಿ, ಕ್ರಿಸ್ತನು ಆ ಶಾಪವನ್ನು ನಮಗೋಸ್ಕರ ತನ್ನ ಮೇಲೆ ತೆಗೆದುಕೊಂಡನೆಂದು ಬರೆಯುತ್ತಾನೆ. ಇಷ್ಟು ವಚನಗಳನ್ನು ಮುಂದಿಟ್ಟುಕೊಂಡು ಎರಡನೆಯ ಶತಮಾನದ ಕೊನೆಯಲ್ಲಿ ಇರೆನೇಯಸ್ ಹೇಳಿದ್ದೇನೆಂದರೆ, ಮರದ ಬಳಿ ನಡೆದ ಅವಿಧೇಯತೆಯನ್ನು ಮರದ ಮೇಲೆ ತೋರಿದ ವಿಧೇಯತೆ ಬಿಡಿಸಿತು. ಆದಾಮನು ಎಲ್ಲಿ ಗಂಟು ಹಾಕಿದನೋ ಅಲ್ಲಿಂದಲೇ ಕ್ರಿಸ್ತನು ಬಿಚ್ಚುತ್ತ ಬರುತ್ತಾನೆ ಎಂಬ ಈ ಓದು ಕ್ರೈಸ್ತ ಲೋಕದ ಪೂರ್ವಕ್ಕೂ ಪಶ್ಚಿಮಕ್ಕೂ ಹರಡಿತು. ಏದೆನಿನ ಮರಗಳ ನಡುವೆ ಆದಾಮನು ದೇವರಿಂದ ಅಡಗಿಕೊಂಡರೆ, ಸೆರೆಯಾಗುವ ಮುನ್ನ ಗೆತ್ಸೇಮನೆ ತೋಟದ ಮರಗಳ ನಡುವೆ ಕ್ರಿಸ್ತನು ತಂದೆಯ ಮುಂದೆ ಮೊಣಕಾಲೂರಿದನು. ಯೋಹಾನ 19:41ರ ಪ್ರಕಾರ ಶಿಲುಬೆಗೇರಿಸಿದ ಸ್ಥಳದಲ್ಲಿಯೂ ಒಂದು ತೋಟವಿತ್ತು; ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಕ್ರಿಸ್ತನನ್ನು ತೋಟಗಾರನೆಂದು ಭಾವಿಸಿದಳು. ತೋಟದಿಂದ ತೋಟಕ್ಕೆ ಹೋಗುವ ಈ ಎಳೆಯನ್ನು ಸಭಾಪಾಲಕರು ವಚನಗಳನ್ನಷ್ಟೇ ಓದಿಸಿ ಕೇಳುವವರೇ ಕಂಡುಕೊಳ್ಳುವಂತೆ ಮಾಡಿದರು.

ಆ ಸಂಜೆ ಕಥೋಲಿಕರ ಹಿರಿಯರೊಬ್ಬರು ಎದ್ದು, ಶುಭ ಶುಕ್ರವಾರ ತಮ್ಮಲ್ಲಿ ಶಿಲುಬೆಗೆ ನಮಿಸುವಾಗ ಶಿಲುಬೆಯನ್ನು ಮರಗಳಲ್ಲೆಲ್ಲ ಶ್ರೇಷ್ಠವಾದ ಮರವೆಂದು ಕೊಂಡಾಡುವ ಹಾಡಿದೆ ಎಂದು ನೆನಪಿಸಿದರು. ಅದು ಆರನೆಯ ಶತಮಾನದ ಕವಿ ವೆನಾಂಟಿಯುಸ್ ಫೋರ್ಚುನಾಟುಸ್ ರಚಿಸಿದ ಸ್ತೋತ್ರದ ಭಾಗ. ಶಿಲುಬೆಯ ಅವಶೇಷವೊಂದು 569ರ ಸುಮಾರಿಗೆ ಫ್ರಾನ್ಸಿನ ಪ್ವಾತಿಯೇ ಪಟ್ಟಣದ ಕನ್ಯಾಮಠಕ್ಕೆ ಬಂದಾಗಿನ ಕಾಲದ್ದು. ಆದಾಮನು ಹಣ್ಣನ್ನು ಕಚ್ಚಿ ಮರಣಕ್ಕೆ ಬಿದ್ದಾಗಲೇ, ಮರದಿಂದಾದ ಹಾನಿಯನ್ನು ಮರದಿಂದಲೇ ತೀರಿಸಲು ಸೃಷ್ಟಿಕರ್ತನು ನಿಶ್ಚಯಿಸಿದನೆಂಬ ಭಾವ ಅದರಲ್ಲಿದೆ. ಹಿರಿಯರ ಮಾತಿಗೆ ಪೂರಕವಾಗಿ ಸಭಾಪಾಲಕರು ರೋಮಿನ ಸಂತ ಕ್ಲೆಮೆಂತೆ ದೇವಾಲಯದ ಹನ್ನೆರಡನೆಯ ಶತಮಾನದ ಮೊಸಾಯಿಕ್ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಶಿಲುಬೆಯ ಮೇಲೆ ಹನ್ನೆರಡು ಬಿಳಿ ಪಾರಿವಾಳಗಳು, ಬುಡದಿಂದ ಹಬ್ಬಿ ಇಡೀ ಗೋಡೆಯನ್ನು ತುಂಬಿದ ಬಳ್ಳಿಯ ಸುರುಳಿಗಳು, ಕೆಳಗೆ ನೀರು ಕುಡಿಯುವ ಜಿಂಕೆಗಳು. ಕರಿ ಲೋಹದ ಮೇಲೆ ಬೆಳ್ಳಿಯ ಬಳ್ಳಿಗಳನ್ನು ಕೂರಿಸುವ ಬಿದ್ರಿ ಕುಶಲಕರ್ಮಿಗಳ ಊರಿನಲ್ಲಿ ಆ ಚಿತ್ರವನ್ನು ನೋಡಿದವರು ಸುಮ್ಮನೆ ಕುಳಿತರು. ಪ್ರೊಟೆಸ್ಟೆಂಟ್ ಸಭೆಯೊಂದು ಕಥೋಲಿಕ ಪರಂಪರೆಯ ಸಂಪತ್ತನ್ನು ಹೀಗೆ ತೆರೆದ ಮನಸ್ಸಿನಿಂದ ಬರಮಾಡಿಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಇಲ್ಲಿಂದ ಮುಂದೆ ನನ್ನ ಮುಖ್ಯ ಆಕ್ಷೇಪಣೆ. ಶಿಲುಬೆಯನ್ನು ಅರಿವಿನ ಮರಕ್ಕೆ ಎದುರಾಗಿ ಇಟ್ಟು ತೋರಿಸಿದ ಪಾಠ, ಅದೇ ಶಿಲುಬೆಯನ್ನು ಸಭೆ ಜೀವವೃಕ್ಷವಾಗಿಯೂ ಕಂಡಿದೆ ಎಂಬುದನ್ನು ಚಿತ್ರದಲ್ಲಿ ತೋರಿಸಿ, ಮಾತಿನಲ್ಲಿ ಬಿಡಿಸಲಿಲ್ಲ. ಹಾಗೆ ಬಿಡಿಸಬೇಕಾದರೆ ಆದಿಕಾಂಡ 3:22ರಿಂದ 24ರವರೆಗಿನ ವಚನಗಳ ಬಳಿ ನಿಲ್ಲಬೇಕು. ಮನುಷ್ಯನು ಕೈಚಾಚಿ ಜೀವವೃಕ್ಷದ ಹಣ್ಣನ್ನೂ ತಿಂದು ಶಾಶ್ವತವಾಗಿ ಬದುಕಿಬಿಟ್ಟಾನೆಂದು ದೇವರು ಅವನನ್ನು ತೋಟದಿಂದ ಹೊರಗೆ ಕಳಿಸುತ್ತಾರೆ. ಕೆರೂಬಿಯರೆಂಬ ರೆಕ್ಕೆಯುಳ್ಳ ದೇವದೂತರನ್ನೂ ಪ್ರಜ್ವಲಿಸುವ ಕತ್ತಿಯನ್ನೂ ಇಟ್ಟು ಆ ಮರದ ದಾರಿಯನ್ನು ಕಾಯಿಸುತ್ತಾರೆ. ಮೊದಲ ಓದಿಗೆ ಇದು ದೇವರ ಅಸೂಯೆಯಂತೆ ಕೇಳಿಸುತ್ತದೆ, ಹಾಗೆ ಕೇಳಿಸಿತೆಂದು ಯುವತಿಯೊಬ್ಬರು ವರ್ಗದಲ್ಲಿ ಹೇಳಿಯೂ ಹೇಳಿದರು. ಇರೆನೇಯಸ್ ಇದಕ್ಕೆ ಕೊಟ್ಟ ಉತ್ತರ ಕರುಣೆಯ ಉತ್ತರ: ಪಾಪದಲ್ಲಿ ಬಿದ್ದ ಸ್ಥಿತಿಯಲ್ಲಿಯೇ ಮನುಷ್ಯನು ಎಂದೆಂದಿಗೂ ಬದುಕಿದ್ದರೆ ಅವನ ಕೇಡಿಗೂ ಕೊನೆಯಿರುತ್ತಿರಲಿಲ್ಲ, ಆದ್ದರಿಂದ ಮರಣವನ್ನು ನಡುವೆ ತಂದು ದೇವರು ಪಾಪಕ್ಕೆ ಕೊನೆಯನ್ನಿಟ್ಟರು. ಮನೆಯಲ್ಲಿ ಸಾವು ಕಂಡವರಿಗೆ ಈ ಮಾತಿನಲ್ಲಿ ಎಷ್ಟು ಸಾಂತ್ವನವಿದೆ! ಅದನ್ನು ಹೇಳದೆ, ಕೆರೂಬಿಯರ ರೂಪ ಹೇಗಿತ್ತೆಂಬ ವಿವರಕ್ಕೆ ಹೊತ್ತು ಹೋಯಿತು. ಆ ಕೆರೂಬಿಯರನ್ನು ವಿವರಿಸಿದ ಮೇಲಾದರೂ ಇಸ್ರಾಯೇಲರ ಆರಾಧನಾ ಗುಡಾರದಲ್ಲಿ ಅತಿ ಪವಿತ್ರ ಸ್ಥಾನವನ್ನು ಮರೆಮಾಡಿದ ತೆರೆಯ ಮೇಲೆ ಹೆಣೆದ ಕೆರೂಬಿಯರನ್ನು, ವಿಮೋಚನಕಾಂಡದ 26ನೆಯ ಅಧ್ಯಾಯದಲ್ಲಿರುವಂತೆ, ಜ್ಞಾಪಿಸಬಹುದಾಗಿತ್ತು.

ಹಾಗೆ ಜ್ಞಾಪಿಸಿದ್ದರೆ ಎಫ್ರೇಮನ ಬಳಿಗೆ ದಾರಿ ತಾನೇ ತೆರೆಯುತ್ತಿತ್ತು. ಸುರಿಯಾನಿ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ 373ರಲ್ಲಿ ಎದೆಸ್ಸಾ ಪಟ್ಟಣದಲ್ಲಿ ತೀರಿಕೊಂಡ ಈ ಭಕ್ತಕವಿ, ಪರದೈಸನ್ನು, ಅಂದರೆ ಏದೆನ್ ತೋಟವನ್ನು, ಒಂದು ಬೆಟ್ಟವಾಗಿ ಕಂಡವರು. ಬೆಟ್ಟದ ತುದಿಯಲ್ಲಿ ಜೀವವೃಕ್ಷ, ಅದು ಅತಿ ಪವಿತ್ರ ಸ್ಥಾನ. ಅದನ್ನು ಮರೆಮಾಡಿದ ತೆರೆಯಂತೆ ಅರಿವಿನ ಮರ. ಗೆದ್ದು ಬಂದ ಆದಾಮನಿಗೆ ಎರಡನ್ನೂ ಕೊಡಬೇಕೆಂದೇ ದೇವರು ಇಟ್ಟಿದ್ದರು, ಅವನು ಅವಸರಪಟ್ಟು ತೆರೆಯನ್ನು ತಾನೇ ಸರಿಸಲು ಹೋದನು. ಎರಡು ಮರಗಳಿಗೂ ಇರುವ ಸಂಬಂಧವನ್ನು ಇಷ್ಟು ಸುಂದರವಾಗಿ ಹೇಳಿದವರು ನನಗೆ ತಿಳಿದಂತೆ ಬೇರೆ ಇಲ್ಲ. ಕೇರಳದ ಸುರಿಯಾನಿ ಸಭೆಗಳು ಇಂದಿಗೂ ಗೌರವದಿಂದ ನೆನೆಯುವ ಈ ಕವಿ ನಮ್ಮ ವರ್ಗದಲ್ಲಿ ಬರಲೇ ಇಲ್ಲ. ಮರಗಳ ಪಾಠಕ್ಕೆ ಯೂರೋಪಿನ ಗುರುಗಳೇ ಹೆಚ್ಚಾಗಿ ಬಂದರು. ಏಷ್ಯದವರೇ ಆದ ಎಫ್ರೇಮನನ್ನು ಮುಂದಿನ ಸಲವಾದರೂ ಕರೆತರಬೇಕೆಂದು ನನ್ನ ಕಳಕಳಿಯ ವಿನಂತಿ. ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್ ಮಾತ್ರ ಒಂದು ಕ್ಷಣ ಬಂದುಹೋದರು. ಜೀವವೃಕ್ಷದಲ್ಲಿ ತನ್ನದೇ ಆದ ಮಾಂತ್ರಿಕ ಶಕ್ತಿಯೇನೂ ಇರಲಿಲ್ಲ, ಜೀವವು ದೇವರಿಂದಲೇ ಬರುತ್ತದೆಂಬುದಕ್ಕೆ ಜಲಪ್ರಳಯದ ನಂತರ ನೋಹನಿಗೆ ಕೊಟ್ಟ ಮಳೆಬಿಲ್ಲಿನ ಹಾಗೆ ಅದು ಗುರುತಾಗಿತ್ತು, ಸಂಸ್ಕಾರವಾಗಿತ್ತು ಎಂಬ ಅವರ ಮಾತನ್ನು ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರವಾದ ಕರ್ತನ ಭೋಜನಕ್ಕೆ ಜೋಡಿಸಿ ವಿವರಿಸಲು ಇನ್ನೊಂದು ಗಂಟೆ ಬೇಕಾಗಿತ್ತು.

ಕೊನೆಯ ವಾರ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥಕ್ಕೆ. ಗೆದ್ದವನಿಗೆ ದೇವರ ಪರದೈಸಿನಲ್ಲಿರುವ ಜೀವವೃಕ್ಷದ ಹಣ್ಣನ್ನು ತಿನ್ನಲು ಕೊಡುವೆನೆಂದು 2:7ರಲ್ಲಿ ವಾಗ್ದಾನವಿದೆ. 22:2ರಲ್ಲಿ ಆ ಮರ ಜೀವಜಲದ ನದಿಯ ಎರಡೂ ದಡಗಳಲ್ಲಿ ಬೆಳೆದು ತಿಂಗಳಿಗೊಮ್ಮೆಯಂತೆ ಹನ್ನೆರಡು ಬಗೆಯ ಫಲ ಕೊಡುತ್ತದೆ, ಅದರ ಎಲೆಗಳು ಜನಾಂಗಗಳನ್ನು ವಾಸಿಮಾಡುತ್ತವೆ. ಪ್ರವಾದಿ ಯೆಹೆಜ್ಕೇಲನು ತನ್ನ ಗ್ರಂಥದ 47:12ರಲ್ಲಿ ಕಂಡ, ದೇವಾಲಯದ ನೀರಿನಿಂದ ಬೆಳೆದ ಮರಗಳೇ ಇಲ್ಲಿ ಮತ್ತೆ ಕಾಣಿಸಿಕೊಂಡಿವೆ. ಗಮನಿಸಬೇಕಾದದ್ದೆಂದರೆ, ಪ್ರಕಟನೆ ವರ್ಣಿಸುವ ಈ ಹೊಸ ಯೆರೂಸಲೇಮ್ ಪಟ್ಟಣದಲ್ಲಿ ಅರಿವಿನ ಮರದ ಮಾತೇ ಇಲ್ಲ. ಕೆರೂಬಿಯರ ಕಾವಲಿಲ್ಲ, ಬಾಗಿಲುಗಳು ಹಗಲೆಲ್ಲ ತೆರೆದಿರುತ್ತವೆ. ಸತ್ಯವೇದದ ಮೊದಲ ಪುಟಗಳಲ್ಲಿ ಮುಚ್ಚಿದ ದಾರಿ ಕೊನೆಯ ಪುಟದಲ್ಲಿ ತೆರೆಯುವುದನ್ನು ಹೇಳುವ ಈ ಪಾಠವೇ ಎಲ್ಲಕ್ಕಿಂತ ದೊಡ್ಡದಾಗಬೇಕಾಗಿತ್ತು. ಬೀಳ್ಕೊಡುಗೆ, ವಂದನಾರ್ಪಣೆ, ಚಹಾ ಎಂದು ಆ ಸಂಜೆ ಹರಿದು ಹಂಚಿಹೋಯಿತು. ಜ್ಞಾನವೇ ತನ್ನನ್ನು ಹಿಡಿದುಕೊಂಡವರಿಗೆ ಜೀವವೃಕ್ಷವೆಂದು ಜ್ಞಾನೋಕ್ತಿ 3:18 ಹೇಳುತ್ತದೆ. ಎರಡು ಮರಗಳೂ ಒಂದಾಗುವಂತೆ ಕಾಣುವ ಆ ವಚನ ಕೈಪಿಡಿಯಲ್ಲಿ ಮುದ್ರಣವಾಗಿತ್ತು, ಬಾಯಲ್ಲಿ ಬರಲಿಲ್ಲ.

ಕೈಪಿಡಿಯ ಬಗ್ಗೆ ಎರಡು ಮಾತು. ಅಕ್ಷರಗಳು ದೊಡ್ಡದಾಗಿದ್ದವು, ವಯಸ್ಸಾದವರಿಗೆ ಅನುಕೂಲವಾಯಿತು. ವಚನಗಳ ಉಲ್ಲೇಖವೆಲ್ಲ ಸರಿಯಾಗಿತ್ತು. ಹಿಂದಿನ ಗುರುಗಳ ಮಾತುಗಳನ್ನು ಮಾತ್ರ, ಯಾರು ಯಾವ ಕಾಲದಲ್ಲಿ ಹೇಳಿದರೆಂದು ತಿಳಿಸದೆ, ಹಿರಿಯರು ಹೇಳಿದ್ದಾರೆ ಎಂದಷ್ಟೇ ಬರೆದಿದ್ದರು. ಇರೆನೇಯಸ್‌ಗೂ ಬೊನ್‌ಹೋಫರ್‌ಗೂ ನಡುವೆ ಹದಿನೇಳು ಶತಮಾನಗಳಿವೆ. ಓದುವವರಿಗೆ ಆ ದೂರ ಕಾಣಬೇಕು. ಪಾಠದಲ್ಲಿ ಬಾಯಿಂದ ಬಂದ ಹೆಸರುಗಳನ್ನು ಬರೆದುಕೊಳ್ಳಲು ನಮ್ಮಲ್ಲಿ ಅನೇಕರು ಪರದಾಡಿದರು.

ಸ್ಥಳ ಚೊಕ್ಕಟವಾಗಿತ್ತು, ಧ್ವನಿವರ್ಧಕ ಸ್ಪಷ್ಟವಾಗಿತ್ತು, ಕರೆಂಟ್ ಹೋದಾಗ ಇನ್ವರ್ಟರ್ ಇತ್ತು. ತೊಂದರೆಯಾದದ್ದು ಸಮಯದಿಂದ. ಆರಾಧನೆ ಮುಗಿದ ಮೇಲೆ ಆರಂಭವಾಗುತ್ತಿದ್ದುದರಿಂದ ಹಳ್ಳಿಗಳಿಂದ ಬಂದವರು ಕೊನೆಯ ಬಸ್ಸಿಗಾಗಿ ಪ್ರಶ್ನೋತ್ತರದ ಹೊತ್ತಿಗೆ ಎದ್ದು ಹೋಗಬೇಕಾಗುತ್ತಿತ್ತು. ಆ ಮಾವಿನ ತೋಟದ ಹಿರಿಯರೂ ಒಂದೆರಡು ಸಲ ಹಾಗೆಯೇ ಹೋದರು. ಶನಿವಾರ ಮಧ್ಯಾಹ್ನಕ್ಕೆ ಬದಲಿಸಿದರೆ ಅವರಿಗೂ, ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರಿಗೂ ಒಳ್ಳೆಯದು. ಹೊಸಬರು ಸೇರುವುದಾದರೆ ಆದಿಕಾಂಡದ ಮೊದಲ ಮೂರು ಅಧ್ಯಾಯಗಳನ್ನೂ ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳನ್ನೂ ಮನೆಯಲ್ಲಿ ಓದಿಕೊಂಡು ಬರುವುದು ಅಗತ್ಯ. ಓದದೆ ಬಂದವರಿಗೆ ಮೊದಲ ಪಾಠ ಕಷ್ಟವಾಗುತ್ತದೆ. ಹದಿನೈದು ವರ್ಷ ದಾಟಿದ ಮಕ್ಕಳನ್ನು ಧೈರ್ಯವಾಗಿ ಕರೆತರಬಹುದು. ಬೊನ್‌ಹೋಫರ್ ಪಾಠದ ನಂತರ ಅತಿ ಹೆಚ್ಚು ಪ್ರಶ್ನೆ ಕೇಳಿದವರು ಅವರೇ.

ಮುಂದಿನ ಲೆಂಟ್‌ಗೆ ಸಭೆಯವರು ನೋಹನ ಕಥೆಯನ್ನು ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆಂದು ಕೊನೆಯ ಸಂಜೆ ತಿಳಿಸಿದರು. ಅದಕ್ಕೆ ಮೊದಲು ಜೀವವೃಕ್ಷಕ್ಕೇ ಮೀಸಲಾದ ಕೆಲವು ಪಾಠಗಳನ್ನು, ಆದಿಕಾಂಡ 3:22ರಿಂದ ಆರಂಭಿಸಿ ಪ್ರಕಟನೆಯವರೆಗೆ, ಪುನರುತ್ಥಾನದ ಹಬ್ಬದ ನಂತರದ ವಾರಗಳಲ್ಲಿ ನಡೆಸಬೇಕೆಂದು ನಾವು ಕೆಲವರು ಲಿಖಿತವಾಗಿ ಕೇಳಿಕೊಂಡಿದ್ದೇವೆ. ಸಭಾಪಾಲಕರು ಮನವಿಯನ್ನು ಸ್ವೀಕರಿಸಿ ಸಭೆಯ ಸಮಿತಿಯ ಮುಂದೆ ಇಡುವುದಾಗಿ ಹೇಳಿದ್ದಾರೆ.